ಕೂರಿಸುವ ಮೊದಲು

ನಮ್ಮೂರಿನಲ್ಲಿ ಯಾರದಾದರೂ ಉಸಿರು ನಿಂತಂತೆ ಕಂಡರೆ ಡಾಕ್ಟರನ್ನು ಕರೆಯುತ್ತಿರಲಿಲ್ಲ, ರಾಯವ್ವನನ್ನು ಕರೆಯುತ್ತಿದ್ದರು. ಡಾಕ್ಟರು ನೇಸರಗಿಯಲ್ಲಿದ್ದರು, ಅದೂ ಇದ್ದಾಗ ಇದ್ದರು. ರಾಯವ್ವ ಓಣಿಯಲ್ಲೇ ಇದ್ದಳು. ನನ್ನ ಅಪ್ಪನ ತಮ್ಮನ ಹೆಂಡತಿ, ನನಗೆ ಚಿಗವ್ವ. ಗಂಡ ತೀರಿಕೊಂಡ ಮೇಲೆ ಎರಡು ಎಮ್ಮೆ ಕಟ್ಟಿಕೊಂಡು ಒಬ್ಬಳೇ ಬದುಕಿದವಳು. ದಪ್ಪ ದನಿ, ಒರಟು ಕೈ, ಯಾರ ಮುಲಾಜೂ ಇಲ್ಲದ ಮಾತು. ಮದುವೆ ಮನೆಯಲ್ಲಿ ಅವಳನ್ನು ಯಾರೂ ಮುಂದೆ ಕೂರಿಸುತ್ತಿರಲಿಲ್ಲ, ಸಾವಿನ ಮನೆಯಲ್ಲಿ ಅವಳಿಲ್ಲದೆ ಕೆಲಸ ಮುಂದೆ ಹೋಗುತ್ತಿರಲಿಲ್ಲ.

ಯಾಕೆಂದು ಹೇಳಬೇಕು. ನಮ್ಮವರಲ್ಲಿ ಹೆಣವನ್ನು ಮಲಗಿಸಿ ಮಣ್ಣು ಮಾಡುವುದಿಲ್ಲ. ಕಾಲು ಮಡಚಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಹಣೆಗೆ ವಿಭೂತಿ ಬಳಿದು, ಹೂವು ಹಾಕಿ, ಮುಂದೆ ಭಜನೆ ಮಾಡಿ, ಕೂತವರನ್ನು ಕೂತಂತೆಯೇ ಹೊತ್ತೊಯ್ದು ಕುಣಿಯೊಳಗೆ ಇಳಿಸುತ್ತಾರೆ. ಹಾಗಾಗಿ ಜೀವ ಹೋದ ಮೇಲೆ ಹೆಚ್ಚು ಹೊತ್ತು ಬಿಡುವಂತಿಲ್ಲ. ಮೈ ಸೆಟೆಯಿತೆಂದರೆ ಮೊಣಕಾಲು ಮಡಚುವುದಿಲ್ಲ, ಆಮೇಲೆ ನಾಲ್ಕು ಗಂಡಸರು ಕೂಡಿ ಒತ್ತಬೇಕು. ಅದನ್ನು ಒಮ್ಮೆ ನೋಡಿದವರು ಮತ್ತೆ ನೋಡಲು ಬಯಸುವುದಿಲ್ಲ. ಹಾಗಂತ ಅವಸರ ಮಾಡಿ, ಇನ್ನೂ ಜೀವ ಇರುವವರನ್ನೇ ಕೂರಿಸಿಬಿಟ್ಟರೆ? ಈ ಎರಡು ಭಯಗಳ ನಡುವೆ ಯಾರಾದರೂ ಒಬ್ಬರು ಧೈರ್ಯ ಮಾಡಿ ಹೇಳಬೇಕು. ರಾಯವ್ವ ಹೇಳುತ್ತಿದ್ದಳು. ಮೂಗಿನ ಮುಂದೆ ಹತ್ತಿಯ ಎಳೆ ಹಿಡಿದು, ಕುತ್ತಿಗೆಯ ನರ ಒತ್ತಿ, ರೆಪ್ಪೆ ಎತ್ತಿ ಟಾರ್ಚ್ ಬಿಟ್ಟು ನೋಡುತ್ತಿದ್ದಳು. ‘ಸತ್ತರು’ ಎಂಬ ಮಾತು ಅವಳ ಬಾಯಲ್ಲಿ ಬರುತ್ತಿರಲಿಲ್ಲ. “ಕುಂಡ್ರಸ್ರಿ” ಅನ್ನುತ್ತಿದ್ದಳು, ಅಷ್ಟೇ. ಅದನ್ನು ಕೇಳಿದ ಮೇಲೆಯೇ ಮನೆಯವರು ಬಾಯಿ ಬಿಟ್ಟು ಅಳುತ್ತಿದ್ದರು.

ನಾನು ಬೈಲಹೊಂಗಲದ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಊಟವಾದ ಮೇಲಿನ ತರಗತಿ, ಅರ್ಧ ಜನ ತೂಕಡಿಸುತ್ತಾರೆ, ಉಳಿದರ್ಧ ಜನ ಬೆಂಚಿನ ಕೆಳಗೆ ಮೊಬೈಲ್ ನೋಡುತ್ತಾರೆ. ಮೊದಲು ಒಂದು ಊಹೆ ಹಿಡಿಯಿರಿ, ಸಾಕ್ಷಿ ಬಲವಾಗಿ ಅದರ ವಿರುದ್ಧ ನಿಂತರೆ ಮಾತ್ರ ಬಿಡಿ, ಎಂದು ನಾನು ಹೇಳುತ್ತೇನೆ. ನಿಜವಾದ ಊಹೆಯನ್ನು ಕೈಬಿಟ್ಟರೆ ಅದು ಮೊದಲನೆಯ ಬಗೆಯ ತಪ್ಪು. ಸುಳ್ಳಾದ ಊಹೆಯನ್ನು ಬಿಡದೆ ಹಿಡಿದು ಕೂತರೆ ಅದು ಎರಡನೆಯ ಬಗೆಯ ತಪ್ಪು. ಪುಸ್ತಕದಲ್ಲಿ ಇದಕ್ಕೆ ಬಲ್ಬಿನ ಕಾರ್ಖಾನೆಯ ಉದಾಹರಣೆ ಕೊಟ್ಟಿದ್ದಾರೆ. ಬಲ್ಬು ಸುಟ್ಟರೆ ಯಾರಪ್ಪನ ಗಂಟು ಹೋಗುತ್ತದೆ? ಹುಡುಗರು ಮಲಗಿದ್ದರಲ್ಲಿ ಅವರ ತಪ್ಪೇನಿಲ್ಲ. ರಾಯವ್ವನ ಊಹೆ ‘ಜೀವ ಇದೆ’ ಎಂಬುದು. ಪ್ರತಿ ಮನೆಯಲ್ಲೂ ಅವಳು ಅಲ್ಲಿಂದಲೇ ಶುರುಮಾಡುತ್ತಿದ್ದಳು. ಆ ಊಹೆಯನ್ನು ಯಾವಾಗ ಬಿಡಬೇಕು ಎಂಬುದರ ಮೇಲೆ ಒಬ್ಬ ಮನುಷ್ಯನ ಗತಿ ನಿಂತಿರುತ್ತಿತ್ತು.

ಕೊರೊನಾ ಬಂದು ಹೋದ ಮೇಲಿನ ಒಂದು ಚಳಿಗಾಲದಲ್ಲಿ ಅವಳು ಅದನ್ನು ಬೇಗ ಬಿಟ್ಟಳು.

ಮಡಿವಾಳೆಪ್ಪನ ಹೆಂಡತಿ ಯಲ್ಲವ್ವನಿಗೆ ಸಕ್ಕರೆ ಕಾಯಿಲೆ ಇತ್ತು. ಸೋಮವಾರ ಉಪವಾಸ ಮಾಡುವುದನ್ನು ಬಿಡಲಿಲ್ಲ, ಗುಳಿಗೆ ನುಂಗುವುದನ್ನೂ ಬಿಡಲಿಲ್ಲ. ಮಂಗಳವಾರ ಬೆಳಿಗ್ಗೆ ಮಗ ಸುಭಾಸ ಎಬ್ಬಿಸಲು ಹೋದರೆ ಏಳಲಿಲ್ಲ. ಮೈ ತಣ್ಣಗಿತ್ತು. ಓಡಿ ಬಂದು ರಾಯವ್ವನನ್ನು ಕರೆದ. ಅವಳು ಹಿತ್ತಲಲ್ಲಿ ಟಾಕಿಯ ನೀರಿನಲ್ಲಿ ಭಾಂಡೆ ತಿಕ್ಕುತ್ತಿದ್ದವಳು, ಕೈ ಸೆರಗಿಗೆ ಒರೆಸಿಕೊಂಡು ಹಾಗೆಯೇ ಬಂದಳು. ಹತ್ತಿ ಅಲುಗಲಿಲ್ಲ. ಯಲ್ಲವ್ವನ ಕಣ್ಣಿಗೆ ಪೊರೆ ಬಂದಿತ್ತು, ಟಾರ್ಚ್ ಬಿಟ್ಟರೆ ಏನೂ ತಿಳಿಯಲಿಲ್ಲ. ಕುತ್ತಿಗೆಯ ನರ ಒತ್ತಿ ನೋಡಿದಳು. ಚಳಿ ನೀರಿನಲ್ಲಿ ಜೋಮು ಹಿಡಿದ ಬೆರಳಿಗೆ ಏನು ಗೊತ್ತಾಗಬೇಕು?

“ಹೇಳ ರಾಯವ್ವ,” ಎಂದ ಮಡಿವಾಳೆಪ್ಪ. “ತಡಾ ಆದ್ರ ಮೈ ಸೆಟೀತೈತಿ. ಅಯ್ನಾರು ಮಧ್ಯಾಹ್ನ ಇನ್ನೊಂದ ಊರಿಗೆ ಹೋಗಾವ್ರ ಅದಾರಂತ.”

“ಕುಂಡ್ರಸ್ರಿ,” ಎಂದಳು ರಾಯವ್ವ.

ಯಲ್ಲವ್ವ ಮುತ್ತೈದೆ. ಹಸಿರು ಸೀರೆ ಉಡಿಸಿದರು. ಅಕ್ಕಿ, ಅರಿಶಿಣ ಕೊಂಬು, ಉತ್ತತ್ತಿ ಹಾಕಿ ಕೊನೆಯ ಉಡಿ ತುಂಬಿದರು. ಗಲ್ಲಕ್ಕೆ ಬಟ್ಟೆ ಕಟ್ಟಿ ಗೋಡೆಗೆ ಒರಗಿಸಿ ಕೂರಿಸಿದರು. ಭಜನೆಯವರು ಬಂದು ತಾಳ ತೆಗೆದರು. ಕ್ರಿಯೆ ಮಾಡಿಸಲು ಬಂದ ಅಯ್ಯನವರು ಬಾಯಿಗೆ ತೀರ್ಥ ಬಿಟ್ಟಾಗ ಯಲ್ಲವ್ವನ ಗಂಟಲು ಗುಟುಕ್ ಎಂದಿತು.

ಎದುರಿಗೆ ಕೂತಿದ್ದ ಹೆಂಗಸರು ಚೀರಿ ಎದ್ದು ಓಡಿದರು. ಅಯ್ಯನವರ ಕೈಯಿಂದ ಗಿಂಡಿ ಬಿತ್ತು. ಮಡಿವಾಳೆಪ್ಪ, ಹೆಂಡತಿ ಬದುಕಿದ್ದಾಳೆಂದು ಮುಂದೆ ಬರಬೇಕಾದವನು, ಹಿಂದೆ ಸರಿದು ಬಾಗಿಲಿನ ಚೌಕಟ್ಟು ಹಿಡಿದು ನಿಂತ. ರಾಯವ್ವ ಒಬ್ಬಳೇ ಹೋಗಿ ಗಲ್ಲದ ಬಟ್ಟೆ ಬಿಚ್ಚಿ, ಅವಳನ್ನು ತನ್ನ ತೊಡೆಯ ಮೇಲೆ ಮಲಗಿಸಿಕೊಂಡು, “ಗಾಡಿ ತರ್ರೋ, ಜೀವ ಐತಿ” ಎಂದು ಕೂಗಿದಳು. ಬೈಲಹೊಂಗಲದ ಆಸ್ಪತ್ರೆಯಲ್ಲಿ ಸಕ್ಕರೆ ಪೂರಾ ಇಳಿದಿದೆ ಎಂದು ಗ್ಲೂಕೋಸ್ ಏರಿಸಿದರು. ಯಲ್ಲವ್ವ ಎದ್ದು ಕೂತು ಮೊದಲು ಕೇಳಿದ್ದು, “ನನಗ್ಯಾಕ ಹಸರ ಸೀರಿ ಉಡಿಸೀರಿ?” ಎಂದು.

ಇದಾದ ಮೇಲೆ ಊರು ರಾಯವ್ವನ ಮೇಲೆ ಸಿಟ್ಟಾಗಬೇಕಿತ್ತು. ಆಗಲಿಲ್ಲ. ಊರು ಸಿಟ್ಟಾದದ್ದು ಯಲ್ಲವ್ವನ ಮೇಲೆ. ಕೂತವರು ಏಳಬಾರದು, ಎದ್ದರೆ ಮನೆಗೆ ಒಳ್ಳೆಯದಲ್ಲ, ಎಂದು ಯಾರೋ ಅಂದರು. ಅಂದವರು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ, ಸಿಕ್ಕರೆ ಬಿಡುವವಳಲ್ಲ. ಕೊನೆಯ ಉಡಿ ತುಂಬಿಸಿಕೊಂಡವಳಿಗೆ ಮತ್ತೆ ಉಡಿ ತುಂಬುವುದು ಹೇಗೆ? ಅದಕ್ಕೆ ಶಾಸ್ತ್ರ ಇರಲಿಲ್ಲ. ಮದುವೆಯಲ್ಲಿ, ಸೀಮಂತದಲ್ಲಿ ಹೆಂಗಸರು ಸಾಲಾಗಿ ಉಡಿ ತುಂಬುತ್ತ ಬಂದು ಯಲ್ಲವ್ವನ ಮುಂದೆ ಬಂದಾಗ ಸೀರೆಯ ನಿರಿಗೆ ಸರಿಪಡಿಸಿಕೊಂಡು ಮುಂದಿನವಳ ಹತ್ತಿರ ಹೋಗುತ್ತಿದ್ದರು. ಮೊಮ್ಮಗಳು ಮಧುವಿಗೆ ಸವದತ್ತಿ ಕಡೆಯ ಒಂದು ಸಂಬಂಧ ಬಂದಿತ್ತು. ಹುಡುಗನ ಕಡೆಯವರು ಬಂದು ಕೂತು ಮಾತಾಡಿ ಹೋದವರು ಮತ್ತೆ ಬರಲಿಲ್ಲ. ಅದಕ್ಕೂ ಅಜ್ಜಿಯೇ ಕಾರಣವಾದಳು. ಮನೆಯವರೇ ಒಲೆಯ ಹತ್ತಿರ ಬರಬೇಡ ಎಂದರು, ಆಮೇಲೆ ನಡುಮನೆಯಲ್ಲಿ ಮಲಗಬೇಡ ಎಂದರು. ಹಿತ್ತಲಲ್ಲಿ ಮೇವು ಒಟ್ಟುತ್ತಿದ್ದ ತಗಡಿನ ಖೋಲಿಯಲ್ಲಿ ಒಂದು ಮಂಚ, ಒಂದು ಟ್ರಂಕು ಇಟ್ಟುಕೊಟ್ಟರು. ಪರೀಕ್ಷೆ ಮಾಡಿದವಳು ತಪ್ಪಿದಳು, ಶಿಕ್ಷೆ ಪರೀಕ್ಷೆಗೆ ಒಳಗಾದವಳಿಗೆ ಆಯಿತು. ನಮ್ಮೂರಿನ ನ್ಯಾಯ ಇಂಥದ್ದು.

ಯಲ್ಲವ್ವ ದಿನಾ ಮುಂಜಾನೆ ರಾಯವ್ವನ ಮನೆಗೆ ಚಹಾಕ್ಕೆ ಬರುತ್ತಿದ್ದಳು. ಅದೊಂದೇ ಮನೆಯಲ್ಲಿ ಅವಳಿಗೆ ಒಲೆಯ ಮುಂದೆ ಮಣೆ ಸಿಗುತ್ತಿತ್ತು. ನಾನು ರಜೆಗೆ ಹೋದಾಗ ಒಮ್ಮೆ ಅವರಿಬ್ಬರ ಮಾತು ಕೇಳಿದೆ.

“ಮನ್ಯಾಗ ಏನಂತಾರ ಗೊತ್ತೈತೇನ ರಾಯವ್ವ? ನೀ ಅವತ್ತ ಹೇಳಿದ್ದು ಬರೋಬ್ಬರಿ ಇತ್ತಂತ. ನಾನ ಏಳಬಾರದಿತ್ತಂತ,” ಎಂದಳು ಯಲ್ಲವ್ವ. ನಗುತ್ತಲೇ ಹೇಳಿದಳು.

ರಾಯವ್ವ ಚಹಾದ ಬೋಗುಣಿ ಕೆಳಗಿಟ್ಟಳು. “ನನ್ನ ಬಾಯಿ ಸುಡ್ಲಿ,” ಎಂದಳು. “ನಿನ್ನ ಬದುಕಿದ್ದಾಗ ಸಾಯಿಸಿದಾಕಿ ನಾನ. ಅವರಲ್ಲ.”

“ಏ, ಬಿಡ. ಇನ್ನೊಂದೀಟ ಬೆಲ್ಲಾ ಹಾಕ. ಹೆಂಗೂ ಸಕ್ಕರಿ ಇಳದರ ಕಷ್ಟ,” ಎಂದಳು ಯಲ್ಲವ್ವ.

ಯಲ್ಲವ್ವ ಎದ್ದು ಹೋದ ಮೇಲೆ ಚಿಗವ್ವ ನನ್ನ ಕಡೆ ತಿರುಗಿದಳು. ನೀನು ಕಾಲೇಜಿನಲ್ಲಿ ತಪ್ಪಿನ ಲೆಕ್ಕ ಕಲಿಸುತ್ತೀಯಂತೆ, ಅದೇನು ಹೇಳು, ಎಂದಳು. ನಾನು ಹೇಳಿದೆ. ನನ್ನ ಜನ್ಮದಲ್ಲಿ ಒಬ್ಬರು ಇಷ್ಟು ಕಿವಿಗೊಟ್ಟು ಆ ಪಾಠ ಕೇಳಿರಲಿಲ್ಲ.

“ಎರಡೂ ತಪ್ಪ ಆಗದಂಗ ಮಾಡಾಕ ಏನೂ ಇಲ್ಲೇನ ನಿಮ್ಮ ಪುಸ್ತಕದಾಗ?” ಎಂದಳು.

“ಒಂದನ್ನ ಕಡಿಮಿ ಮಾಡಿದ್ರ ಇನ್ನೊಂದು ಹೆಚ್ಚಾಗತೈತಿ ಚಿಗವ್ವ. ಎರಡೂ ಕಡಿಮಿ ಆಗಬೇಕಂದ್ರ ಇನ್ನೂ ಚಲೋ ಸಾಕ್ಷಿ ಬೇಕು. ಡಾಕ್ಟರ ಬೇಕು, ಮಷೀನ ಬೇಕು.”

“ಡಾಕ್ಟರ ಬರೂದರಾಗ ಹೆಣ ಕಟಗಿ ಆಗಿರತೈತಿ. ಮತ್ತ ಅದಾರ, ಹೋದ್ರು ಅನ್ನಾಕ ಗೆರಿ ಎಲ್ಲಿ ಹಾಕೂದು?”

“ಯಾವ ತಪ್ಪಿನಿಂದ ಹೆಚ್ಚ ಘಾತ ಆಗತೈತಿ, ಅದನ್ನ ನೋಡಿ ಹಾಕಬೇಕು. ನೋಡಾಕ ಹೋಗೂ ಮದಲ ಹಾಕಬೇಕು. ನೋಡಿದ ಮ್ಯಾಲ ಸರಿಸಬಾರದು.”

ಅವಳು ಒಲೆಯ ಕಟ್ಟಿಗೆ ಹಿಂದಕ್ಕೆ ಎಳೆದಳು. ಆಮೇಲೆ ತನ್ನ ಗೆರೆ ತಾನೇ ಹಾಕಿಕೊಂಡಳು. ಹತ್ತಿ, ನರ, ಟಾರ್ಚ್ ಯಾವುದನ್ನೂ ಇನ್ನು ನಂಬುವುದಿಲ್ಲ. ದವಡೆ ಬಿಗಿಯುವ ತನಕ ಕಾಯುತ್ತೇನೆ, ಎಂದಳು. ದವಡೆ ಮೊದಲು ಬಿಗಿಯುತ್ತದೆ, ಮೊಣಕಾಲು ಆಮೇಲೆ. ಆ ನಡುವಿನ ಹೊತ್ತಿನಲ್ಲಿ ಕೂರಿಸಬಹುದು. ಇಷ್ಟು ವರ್ಷ ಹೆಣ ಮುಟ್ಟಿ ಕಂಡುಕೊಂಡದ್ದು ಅದು. ಅಂದಿನಿಂದ ಅವಳು ಸಾವಿನ ಮನೆಗೆ ಹೋದರೆ ಗಲ್ಲ ಹಿಡಿದುಕೊಂಡು ಸುಮ್ಮನೆ ಕೂತುಬಿಡುತ್ತಿದ್ದಳು. ಜನ ಗೊಣಗಿದರು, ರಾಯವ್ವನಿಗೆ ಅರಳುಮರಳು ಎಂದರು. ಆದರೆ ಯಾರ ಮೊಣಕಾಲನ್ನೂ ಒತ್ತುವ ಪಾಳಿ ಬರಲಿಲ್ಲ, ಯಾರೂ ಎದ್ದು ಕೂರಲೂ ಇಲ್ಲ. ನನಗೆ ಒಳಗೊಳಗೇ ಹೆಮ್ಮೆ ಆಗುತ್ತಿತ್ತು. ತರಗತಿಯಲ್ಲಿ ಬಲ್ಬಿನ ಕಾರ್ಖಾನೆ ಬಿಟ್ಟು ಈ ಉದಾಹರಣೆ ಹೇಳಿದ ದಿನ ಹಿಂದಿನ ಬೆಂಚಿನವರೂ ಎದ್ದು ಕೂತರು.

ಹೋದ ವರ್ಷ ಮೇ ತಿಂಗಳಲ್ಲಿ, ನಾನು ಊರಲ್ಲಿದ್ದಾಗಲೇ, ಸುಭಾಸ ಮತ್ತೆ ಓಡಿ ಬಂದ. ಅವ್ವ ಮಾತಾಡುತ್ತಿಲ್ಲ ಎಂದ.

ನಾವಿಬ್ಬರೂ ಹೋದೆವು. ತಗಡಿನ ಖೋಲಿಯೊಳಗೆ ಕಾಲಿಟ್ಟರೆ ಮುಖಕ್ಕೆ ಝಳ ಹೊಡೆಯಿತು. ಯಲ್ಲವ್ವ ಮಂಚದ ಮೇಲೆ ಅಂಗಾತ ಮಲಗಿದ್ದಳು, ತುಟಿ ತುಸು ತೆರೆದಿತ್ತು. ಬೆಳಿಗ್ಗೆ ಚಹಾಕ್ಕೆ ಬರಲಿಲ್ಲವೆಂದು ರಾಯವ್ವ ಆಗಲೇ ಎರಡು ಸಲ ತನ್ನ ಬಾಗಿಲಿಗೆ ಬಂದು ದಾರಿ ನೋಡಿದ್ದಳು. ಈಗ ಮಂಚದ ಅಂಚಿಗೆ ಕೂತು ಗಲ್ಲ ಹಿಡಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅವಳ ಕೈ ತಡೆದು ನಿಂತಿತು. ದವಡೆ ಬಿಗಿದಿತ್ತು.

ಅವಳು ಹಾಕಿಕೊಂಡ ಗೆರೆಯ ಪ್ರಕಾರ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ.

“ಹಲ್ಲ ಕಚ್ಚಿ ಮಲಗಿರಬೇಕ,” ಎಂದಳು. “ಸಕ್ಕರಿ ಇಳದಾಗ ಹಲ್ಲ ಕಚ್ಚತಾರ. ಹೌದಲ್ಲೋ ಸುಭಾಸ?”

ನಾನು ಬೆಲ್ಲದ ನೀರು ತಂದು ಕೊಟ್ಟೆ, ಅವಳು ತುಟಿಗೆ ಹಚ್ಚಿದಳು, ಅದು ಕೆನ್ನೆಗುಂಟ ಇಳಿದು ದಿಂಬಿಗೆ ಹೋಯಿತು. ನೇಸರಗಿಯ ಡಾಕ್ಟರಿಗೆ ಫೋನ್ ಹಚ್ಚಿದೆ. ಬೆಳಗಾವಿಯಲ್ಲಿ ಒಂದು ಮದುವೆಗೆ ಬಂದಿದ್ದೇನೆ, ಸಂಜೆಗೆ ಬರುತ್ತೇನೆ ಎಂದರು. ಆಸ್ಪತ್ರೆಗೆ ಒಯ್ಯೋಣ ಎಂದರೆ ಮಡಿವಾಳೆಪ್ಪ ಗಾಡಿ ಕೊಡಲು ಒಪ್ಪಲಿಲ್ಲ. ಹೋದ ಸಲ ಒಯ್ದದ್ದೇ ತಪ್ಪಾಯಿತು ಎಂಬಂತೆ ನೋಡಿದ.

“ರಾಯವ್ವ, ಹೇಳಿಬಿಡ. ಬ್ಯಾಸಗಿ ಐತಿ, ಲಗೂನ ಸೆಟೀತೈತಿ,” ಎಂದ.

“ಮೈ ಬೆಚ್ಚಗ ಐತ್ರಿ ಅಣ್ಣಾರ.”

“ಚಿಗವ್ವ, ಖೋಲೀನ ಬೆಚ್ಚಗ ಐತಿ,” ಎಂದೆ ನಾನು. “ಆ ಟ್ರಂಕ ಮುಟ್ಟಿ ನೋಡ. ಅದೂ ಬೆಚ್ಚಗ ಐತಿ.”

ಅವಳು ಟ್ರಂಕು ಮುಟ್ಟಲಿಲ್ಲ. ಯಲ್ಲವ್ವನ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಳು. ಬೇರೆ ಯಾರ ಮನೆಯಲ್ಲಾದರೂ ಅವಳು ಗೆರೆ ಸರಿಸುತ್ತಿರಲಿಲ್ಲ. ಇದು ಯಲ್ಲವ್ವ. ಒಮ್ಮೆ ತನ್ನ ಒಂದು ಮಾತಿನಿಂದ ಮನೆ, ಒಲೆ, ಉಡಿ ಎಲ್ಲ ಕಳೆದುಕೊಂಡವಳು. ಅದೇ ಮಾತನ್ನು ಅವಳ ಮೇಲೆ ಎರಡನೆಯ ಸಲ ಆಡಲು ಚಿಗವ್ವನ ನಾಲಿಗೆ ಏಳಲಿಲ್ಲ. ಜನ ಬಂದರು, ಹೋದರು, ಹೊರಗೆ ಬೇವಿನ ನೆರಳಲ್ಲಿ ಕೂತು ತಂಬಾಕು ತಿಕ್ಕಿದರು. ಅಯ್ಯನವರು ಎರಡು ಸಲ ಹೇಳಿ ಕಳಿಸಿದರು. ಪ್ರತಿ ಸಲವೂ ಅವಳು “ತಡೀರಿ” ಎಂದಳು. ನಾನು ಕೈ ಹಿಡಿದು ಎಬ್ಬಿಸಲು ನೋಡಿದರೆ ಕೈ ಕೊಸರಿಕೊಂಡಳು.

ಬಿಸಿಲು ಇಳಿಯುವಾಗ ಡಾಕ್ಟರು ಬಂದರು. ಮುಟ್ಟಿ, ಕಾಲು ಎತ್ತಿ ನೋಡಿದರು. ಕಾಲು ಕೋಲಿನಂತೆ ನೇರ ಎದ್ದಿತು. “ಮುಂಜಾನೇನ ಹೋಗ್ಯಾರ್ರಿ. ಇಷ್ಟೊತ್ತನಕ ಏನ ಮಾಡಾಕ ಹತ್ತಿದ್ರಿ?” ಎಂದರು. ರಾಯವ್ವ ಅವರ ಮುಖ ನೋಡಿದಳು, ಯಲ್ಲವ್ವನ ಮುಖ ನೋಡಿದಳು, ಹೊಟ್ಟೆಯ ಮೇಲಿನ ಕೈ ಆಗ ತೆಗೆದಳು.

ಬಿಸಿನೀರಿನ ಬಟ್ಟೆ ಹಾಕಿದರು. ಔಡಲೆಣ್ಣೆ ಹಚ್ಚಿ ಮೊಣಕಾಲು ತಿಕ್ಕಿದರು. ರಾಯವ್ವನೇ ತಿಕ್ಕಿದಳು. ಮಡಚಲಿಲ್ಲ.

“ಮಲಗಿಸೇ ಒಯ್ಯರಿ,” ಎಂದು ಕೈ ಮುಗಿದಳು. “ನನ್ನ ತಪ್ಪ ಐತಿ. ಆಕಿಗೆ ಇನ್ನಷ್ಟ ನೋವ ಮಾಡಬ್ಯಾಡ್ರಿ.”

“ನಮ್ಮ ಮನ್ಯಾಗ ಯಾರೂ ಮಲಗಿ ಹೋಗಿಲ್ಲ,” ಎಂದ ಮಡಿವಾಳೆಪ್ಪ.

ಸುಭಾಸ, ಅವನ ಭಾವಮೈದ, ಇನ್ನಿಬ್ಬರು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ನಾವು ಹೆಂಗಸರು ಅಂಗಳದಲ್ಲಿದ್ದೆವು. ತಗಡಿನ ಖೋಲಿಯೊಳಗಿನ ಸಪ್ಪಳ ಹೊರಗೆ ಸ್ಪಷ್ಟವಾಗಿ ಕೇಳುತ್ತದೆ. ಮೊದಲನೆಯದು ಕೇಳಿದಾಗ ರಾಯವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಎರಡನೆಯದಕ್ಕೆ ನಾನೇ ಕಿವಿ ಮುಚ್ಚಿಕೊಂಡೆ. ಸುಭಾಸ ಹೊರಗೆ ಬಂದು ಮೊಣಕೈತನಕ ಕೈ ತೊಳೆದುಕೊಂಡ. ಉಡಿ ತುಂಬುವುದೋ ಬೇಡವೋ ಎಂದು ಹೆಂಗಸರು ಅಷ್ಟಾದ ಮೇಲೂ ಜಗಳ ಶುರುಮಾಡಿದರು. ನನಗೆ ಮೈಯೆಲ್ಲ ಉರಿಯಿತು. ಅಕ್ಕಿಯ ಮೊರ ಕಿತ್ತುಕೊಂಡು ಹೋಗಿ ನಾನೇ ತುಂಬಿದೆ, ಯಾರೂ ತಡೆಯಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಸುಭಾಸ ರಾಯವ್ವನ ಬಾಗಿಲಿಗೆ ಬಂದ. ಸಿಟ್ಟಿನಿಂದ ಮಾತಾಡಲಿಲ್ಲ, ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

“ಚಿಗವ್ವ, ಬದಕಿದ್ದಾಗ ಸತ್ತಾಳಂದಿ. ಸತ್ತಾಗ ಬದಕ್ಯಾಳಂದಿ. ಇನ್ನ ಯಾರ ಮನಿಗೂ ನೋಡಾಕ ಹೋಗಬ್ಯಾಡ.”

ಅವಳು ಹೂಂ ಎಂದಳು. ಯಾರೂ ಕರೆಯಲೂ ಇಲ್ಲ. ಅವಳ ಜಾಗಕ್ಕೆ ಇನ್ನೊಬ್ಬರು ಬರಬಹುದೆಂದು ನಾನು ತಿಳಿದಿದ್ದೆ, ಬರಲಿಲ್ಲ. ಆ ಸಂಜೆಯ ಸಪ್ಪಳ ಊರಿನ ಕಿವಿಯಲ್ಲಿ ಉಳಿದಿತ್ತು, ತಡವಾದರೆ ಏನಾಗುತ್ತದೆ ಎಂಬುದೊಂದೇ ಅವರಿಗೆ ನೆನಪಿದ್ದದ್ದು. ಯಲ್ಲವ್ವ ತಗಡಿನ ಖೋಲಿಯಲ್ಲಿ ಕಳೆದ ವರ್ಷಗಳು ಯಾರಿಗೂ ನೆನಪಿರಲಿಲ್ಲ, ಅವಕ್ಕೆ ಸಪ್ಪಳ ಇರಲಿಲ್ಲವಲ್ಲ. ಈಗ ಯಾರಾದರೂ ಕಣ್ಣು ಮುಚ್ಚಿ ಕರೆದರೆ ಓ ಎನ್ನದಿದ್ದರೆ ಸಾಕು, ಮನೆಯವರೇ ಎತ್ತಿ ಕೂರಿಸಿಬಿಡುತ್ತಾರೆ. ಪರೀಕ್ಷೆಯೇ ಇಲ್ಲ.

ಈ ಶ್ರಾವಣದಲ್ಲಿ ನಾನು ಊರಿಗೆ ಹೋದಾಗ ರಾಯವ್ವನ ಹಿತ್ತಲಾಚೆಯ ಮನೆಯ ಮುದಕಪ್ಪನನ್ನು ಹಿಂದಿನ ದಿನವಷ್ಟೇ ಮಣ್ಣು ಮಾಡಿದ್ದರು. ಗಟ್ಟಿ ಮನುಷ್ಯ. ಬೆಳಿಗ್ಗೆ ಎತ್ತಿಗೆ ನೀರು ಕುಡಿಸುವಾಗ ಬಿದ್ದನಂತೆ, ಊಟದ ಹೊತ್ತಿಗೆ ಕೂರಿಸಿದ್ದರಂತೆ. ಚಿಗವ್ವ ಕಟ್ಟೆಯ ಮೇಲೆ ಕೂತಿದ್ದಳು. ಸೀರೆಯ ಅಂಚಿಗೆಲ್ಲ ಕೆಸರು ಒಣಗಿತ್ತು.

“ಹೋಗಿದ್ದಿಯೇನ?” ಎಂದೆ.

“ಬಾಗಲದಾಗ ತಡದ್ರು. ಒಳಗ ಬರಬ್ಯಾಡ್ರಿ, ನೀವ ಬಂದ್ರ ತಡಾ ಆಗತೈತಿ ಅಂದ್ರು. ನಾ ಹೊರಗ ನಿಂತ ಒದರಿದ್ನಿ, ಯಾರರೆ ಒಬ್ಬರು ಮೂಗಿಗೆ ಕೈ ಹಿಡದ ನೋಡ್ರೋ ಅಂತ. ಭಜನಿ ಜೋರ ಮಾಡಿದ್ರು.”

“ಯಾರೂ ನೋಡಲಿಲ್ಲೇನ?”

“ಇಲ್ಲ. ಅದಕ್ಕ ಕುಣಿತನಕ ಹೋದ್ನಿ.”

ನಮ್ಮ ಕಡೆ ಹೆಂಗಸರು ಅಲ್ಲಿಯ ತನಕ ಹೋಗುವುದು ಕಡಿಮೆ. ಇವಳು ಮಳೆಯಲ್ಲಿ ಹಿಂದೆ ಹಿಂದೆಯೇ ನಡೆದು ಹೋಗಿದ್ದಳು. ಎಲ್ಲರೂ ಮಣ್ಣು ಹಾಕಿ ತಿರುಗಿದ ಮೇಲೆ ಕುಣಿಯ ಪಕ್ಕ ಮೊಣಕಾಲೂರಿ, ಹಸಿ ಮಣ್ಣಿಗೆ ಕಿವಿ ಹಚ್ಚಿ ಮಲಗಿದ್ದಳು. ಮುದಕಪ್ಪನ ಮಗ ಬಂದು ರಟ್ಟೆ ಹಿಡಿದು ಎಬ್ಬಿಸುವ ತನಕ ಹಾಗೆಯೇ ಇದ್ದಳು. ಹುಚ್ಚು ಹಿಡಿದಿದೆ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು.

ನಾನು ಪಕ್ಕದಲ್ಲಿ ಕೂತೆ. ಕೇಳಬಾರದಿತ್ತು, ಕೇಳಿದೆ.

“ಏನರೆ ಕೇಳಿಸ್ತೇನ ಚಿಗವ್ವ?”

“ಏನೂ ಕೇಳಸಲಿಲ್ಲ,” ಎಂದಳು. ಕೆಸರಾದ ಸೆರಗಿನಿಂದ ಮುಖ ಒರೆಸಿಕೊಂಡಳು. “ಆದ್ರ ಮೀನಾ, ನನ್ನ ಕಿವಿ ಈಗ ಮದಲಿನಂಗ ಇಲ್ಲವಾ. ಬಾಜೂದಾಗ ಕುಂತ ನೀ ಮಾತಾಡಿದ್ರನ ಅರ್ಧ ತಿಳಿಯೂದಿಲ್ಲ.”